ರಸೀದಿಯ ಜೋಡಿ ಪ್ರತಿ

ಕಂತು ಕಟ್ಟಿದಾಗ ಕೈಬರಹದ ರಸೀದಿ ನಮ್ಮ ಕೈಗೆ, ಅದರ ನಕಲು ಸಂಘದ ಪುಸ್ತಕಕ್ಕೆ. ಎರಡೂ ಒಂದೇ ಸಲಕ್ಕೆ ಆಗೋದು ನಡುವಿನ ಕಾರ್ಬನ್ ಹಾಳೆಯಿಂದ. 1806ರಲ್ಲಿ ಇಂಗ್ಲೆಂಡಿನ ರಾಲ್ಫ್ ವೆಜ್‌ವುಡ್ ಇಂಥ ಮಸಿಹಾಳೆಗೆ ಪೇಟೆಂಟ್ ಪಡೆದರು. ಕಣ್ಣು ಕಾಣದವರೂ ಬರೆಯುವಂತಾಗಲಿ ಎಂಬುದು ಅವರ ಮೊದಲ ಉದ್ದೇಶ. ಬೆರಳಚ್ಚು ಯಂತ್ರ ಬಂದ ಮೇಲೆ ಅದು ಕಚೇರಿಗಳಿಗೆಲ್ಲ ಹಬ್ಬಿತು.

1954ರಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ಕಾರ್ಬನ್ನೇ ಬೇಡದ ಕಾಗದ ತಂದಿತು. ಮೇಲಿನ ಹಾಳೆಯ ಬೆನ್ನಿಗೆ ಬಣ್ಣವಿಲ್ಲದ ರಸ ತುಂಬಿದ ಸೂಕ್ಷ್ಮ ಗುಳಿಗೆಗಳು. ಪೆನ್ನು ಒತ್ತಿದರೆ ಅವು ಒಡೆದು, ರಸ ಕೆಳಗಿನ ಹಾಳೆಯ ಜೇಡಿಲೇಪಕ್ಕೆ ತಾಗಿ, ಬಣ್ಣದ ಅಕ್ಷರ ಮೂಡುತ್ತದೆ. ಕೈಗೆ ಮಸಿಯಿಲ್ಲ.

ಹಾಳೆ ಯಾವುದಾದರೇನು? ಲೆಕ್ಕ ತಪ್ಪಿದ ದಿನ ಸದಸ್ಯನಿಗೆ ಆ ಚೀಟಿಯೇ ಸಾಕ್ಷಿ. ರಸೀದಿ ಕೇಳಿ ಪಡೆಯಿರಿ, ಜೋಪಾನ ಮಾಡಿ.