ತಿಂಗಳಿಗೆ 2000 ಗಜ ನೂಲು

ನಾಸಿಕ್‌ನಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಇಂದು ಯಾರಾದರೂ ಬರೀ ಖುಷಿಗಾಗಿ ನೂಲುತ್ತಿದ್ದರೆ, ಅವರ ಮುಂದಿರುವುದು ಬಹುಮಟ್ಟಿಗೆ ಪೆಟ್ಟಿಗೆ ಚರಕ. ದಪ್ಪ ಪುಸ್ತಕದಂತೆ ಮಡಚುವ ಮರದ ಪೆಟ್ಟಿಗೆ. ಒಳಗೆ ಒಂದು ದೊಡ್ಡ ಚಕ್ರ, ಒಂದು ಸಣ್ಣ ಚಕ್ರ, ಒಂದು ಕದಿರು. ಹಂಜಿ ತರಿಸಿಕೊಂಡು, ಮನೆಗೆಲಸ ಮುಗಿದ ಮೇಲೆ ಅರ್ಧ ಗಂಟೆ ಕೂತು ನೂತು, ಅದೇ ನೂಲನ್ನು ಮುಂದೆ ಕಡ್ಡಿಗೆ ಏರಿಸಿ ಟೋಪಿಯನ್ನೋ ಶಾಲನ್ನೋ ಹೆಣೆಯುವ ಆಸೆ. ನೂತರೆ ಹೊಟ್ಟೆ ತುಂಬಬೇಕಾಗಿಲ್ಲ, ನೂಲದಿದ್ದರೆ ಮೈ ಬರಿದಾಗುವುದಿಲ್ಲ. ನಮ್ಮ ಚರಿತ್ರೆಯಲ್ಲಿ ಇಂಥ ನೂಲುಗಾರರು ತೀರಾ ಹೊಸಬರು. ಹೆಚ್ಚೆಂದರೆ ನೂರು ವರ್ಷ ವಯಸ್ಸು. ಹುಟ್ಟೂರು ಎಂದು ಒಂದನ್ನು ಹೇಳಲೇಬೇಕಾದರೆ ಅದು ಬೆಳಗಾವಿ.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಏಕೈಕ ಕಾಂಗ್ರೆಸ್ ಅಧಿವೇಶನ ನಡೆಯಿತೆಂಬುದು ಎಲ್ಲರಿಗೂ ಗೊತ್ತು. ಅಲ್ಲಿ ಒಪ್ಪಿಗೆ ಪಡೆದ ಒಂದು ವಿಚಿತ್ರ ನಿಯಮ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅಲ್ಲಿಯವರೆಗೆ ಕಾಂಗ್ರೆಸ್ ಸದಸ್ಯರಾಗಲು ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸಾಕಿತ್ತು. ಇನ್ನು ಮೇಲೆ ದುಡ್ಡಲ್ಲ, ನೂಲು: ತಿಂಗಳಿಗೆ 2000 ಗಜ, ವರ್ಷಕ್ಕೆ 24,000 ಗಜ, ಸಮನಾಗಿ ನೂತದ್ದು. ವಕೀಲರು, ವೈದ್ಯರು, ಪತ್ರಿಕೆಯ ಸಂಪಾದಕರು, ಜಮೀನುದಾರರು, ಹುಟ್ಟಿದಾಗಿನಿಂದ ಕದಿರು ಮುಟ್ಟದವರೆಲ್ಲ ರಾಟೆಯ ಮುಂದೆ ಕೂರಬೇಕಾಯಿತು.

ಲೆಕ್ಕ ಹಾಕಿ ನೋಡಿದರೆ ಈ ಶುಲ್ಕ ದೊಡ್ಡದೇನಲ್ಲ. ಕೈ ಪಳಗಿದವರು ಚರಕದಲ್ಲಿ ಗಂಟೆಗೆ 300–400 ಗಜ ನೂಲುತ್ತಾರೆ. ದಿನಕ್ಕೆ ಅರ್ಧ ಗಂಟೆ ಎಂದು ಹಿಡಿದರೆ, ಹೊಸಬರು ಕೂಡ ಹರಿದು ಹರಿದು ಗಂಟು ಹಾಕಿಕೊಂಡು 2000 ಗಜ ಮುಟ್ಟಿಸಬಹುದು. ಆದರೆ ಅಂಗುಲಕ್ಕೆ 40 ಎಳೆ ಹಾಸು, 40 ಎಳೆ ಹೊಕ್ಕು ಇರುವ ಸಾಧಾರಣ ಖಾದಿಗೆ ಚದರ ಗಜವೊಂದಕ್ಕೆ 2880 ಗಜ ನೂಲು ಬೇಕು. ಅಂದರೆ ಸದಸ್ಯನೊಬ್ಬನ ತಿಂಗಳ ನೂಲಿನಿಂದ ಒಂದು ಚದರ ಗಜ ಬಟ್ಟೆಯೂ ಆಗದು. ವರ್ಷದ ನೂಲೆಲ್ಲ ಸೇರಿದರೆ ಎಂಟು ಚದರ ಗಜ. ದೇಶಕ್ಕೆ ಬಟ್ಟೆ ಉಡಿಸುವ ಲೆಕ್ಕವಲ್ಲ ಇದು. ಕೂಲಿಯವಳ ಕೆಲಸವನ್ನು ಉಳ್ಳವನು ದಿನಕ್ಕೆ ಅರ್ಧ ಗಂಟೆಯಾದರೂ ತನ್ನ ಬೆರಳಿನಲ್ಲಿ ಅರಿಯಲಿ ಎಂಬ ಲೆಕ್ಕ. ಗಾಂಧೀಜಿ ಅದನ್ನು ಯಜ್ಞ ಎಂದು ಕರೆದರು.

ಆದರೆ ನಿಯಮದಲ್ಲೇ ಒಂದು ಕಿಂಡಿ ಇತ್ತು. ಕಾಯಿಲೆಯಾದರೆ, ಅಥವಾ ಮನಸ್ಸಿಲ್ಲದಿದ್ದರೆ, ಬೇರೆಯವರು ನೂತ ಅಷ್ಟೇ ನೂಲನ್ನು ಕೊಡಬಹುದು. ‘ಮನಸ್ಸಿಲ್ಲದಿದ್ದರೆ’ ಎಂಬ ಆ ಒಂದು ಮಾತು ಇಡೀ ಯಜ್ಞವನ್ನು ಅಂಗಡಿಗೆ ಇಳಿಸಿತು ಎಂದೇ ನನಗನಿಸುತ್ತದೆ. ಬಡ ಹೆಂಗಸೊಬ್ಬಳು ನೂತದ್ದನ್ನು ಕೊಂಡು ತಂದು ತನ್ನ ಹೆಸರಿಗೆ ಕಟ್ಟಿದರೆ ಸಾಕು! 1925ರ ಸೆಪ್ಟೆಂಬರ್‌ನಲ್ಲಿ ಪಟ್ನಾದಲ್ಲಿ ನಾಲ್ಕಾಣೆ ಮರಳಿ ಬಂತು, ನೂಲು ಐಚ್ಛಿಕವಾಯಿತು. ಅಲ್ಲೇ ಅಖಿಲ ಭಾರತ ಚರಕಾ ಸಂಘವೂ ಹುಟ್ಟಿತು. ಇಷ್ಟವಿದ್ದವರು ಯಜ್ಞಕ್ಕೆ ನೂಲುವುದು ಒಂದು ದಾರಿ, ಬಡವರು ಕೂಲಿಗೆ ನೂಲುವುದು ಇನ್ನೊಂದು ದಾರಿ ಎಂದು ಎರಡು ಕವಲಾದದ್ದು ಅಲ್ಲಿಂದ.

ಮೊದಲ ದಾರಿಗೆ ಬೇಕಿದ್ದದ್ದು ಚಿಕ್ಕ, ಹೊತ್ತೊಯ್ಯಬಲ್ಲ ಸಾಧನ. 1930ರಲ್ಲಿ ಯೆರವಡಾ ಜೈಲಿನಲ್ಲಿ ಗಾಂಧೀಜಿ ತಿದ್ದಿ ತೀಡಿದ ಪೆಟ್ಟಿಗೆ ಚರಕಕ್ಕೆ ಆ ಜೈಲಿನದೇ ಹೆಸರು ಬಂತು. ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ, ಅಲ್ಲಿಂದ ಕದಿರಿಗೆ ವೇಗ ಏರಿಸುವ ಜಾಣತನದಿಂದ ದೊಡ್ಡ ರಾಟೆಯ ಕೆಲಸ ಪೆಟ್ಟಿಗೆಯೊಳಗೆ ಅಡಗಿತು. ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಸರ್ ಮಿರ್ಜಾ ಇಸ್ಮಾಯಿಲ್ ಕರೆಸಿಕೊಂಡ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಅಲ್ಲಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯನ್ನು ನೋಡಿಕೊಳ್ಳುತ್ತಿದ್ದರು; ಮುಂದೆ ಭಾರತಾನಂದ ಎಂಬ ಹೆಸರಿನಲ್ಲಿ ಬಿಲ್ಲಿನಿಂದ ತಿರುಗುವ ಧನುಷ್ ತಕಲಿಯನ್ನು ರೂಪಿಸಿದರು.

ಎರಡನೆಯ ದಾರಿಗೆ ಬೇಕಿದ್ದದ್ದು ಹೆಚ್ಚು ನೂಲು ಕೊಡುವ ಯಂತ್ರ. 1929ರಲ್ಲಿ ಚರಕಾ ಸಂಘ ಅದಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಬೆಲೆ 150 ರೂಪಾಯಿ ಮೀರಬಾರದು, 20 ವರ್ಷ ಬಾಳಬೇಕು, ಹೆಂಗಸೊಬ್ಬಳು ಎಂಟು ಗಂಟೆ ದಣಿಯದೆ ನಡೆಸುವಂತಿರಬೇಕು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾರ್ಖಾನೆಯೂ ಕೈ ಹಾಕಿತು. ಬಹುಮಾನ ಯಾರಿಗೂ ಸಿಗಲಿಲ್ಲ. ಹವ್ಯಾಸಿಯ ಯಂತ್ರ ಗೆದ್ದಿತು, ಕೂಲಿಯವಳ ಯಂತ್ರ ಬರಲಿಲ್ಲ.

ನಾಸಿಕ್ ಈ ಕಥೆಗೆ ಬರುವುದು ಜೈಲಿನ ಬಾಗಿಲಿನಿಂದ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡದಂತೆ ನಾಸಿಕ್ ಕೂಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕಾನೂನುಭಂಗದ ವರ್ಷಗಳಲ್ಲಿ ನಾಸಿಕ್ ರೋಡ್ ಜೈಲು ತುಂಬಿ ತುಳುಕಿತು. 1933ರ ಫೆಬ್ರವರಿಯಲ್ಲಿ ಸಾನೆ ಗುರೂಜಿ ಐದೇ ದಿನಗಳಲ್ಲಿ ‘ಶ್ಯಾಮಚಿ ಆಯಿ’ ಬರೆದದ್ದು ಇಲ್ಲೇ. ಜಯಪ್ರಕಾಶ ನಾರಾಯಣ, ಅಚ್ಯುತ ಪಟವರ್ಧನ, ಮೀನೂ ಮಸಾನಿ, ಅಶೋಕ ಮೆಹ್ತಾ ಸೇರಿ 1934ರ ಕಾಂಗ್ರೆಸ್ ಸಮಾಜವಾದಿ ಪಕ್ಷದ ಬೀಜ ಬಿತ್ತಿದ್ದೂ ಇಲ್ಲೇ. ಈ ತರುಣರಿಗೆ ಚರಕದ ಅರ್ಥಶಾಸ್ತ್ರ ಒಪ್ಪಿಗೆಯಾಗಿರಲಿಲ್ಲ. ಬಡತನ ಹೋಗಲು ಬೇಕಾದದ್ದು ಅರ್ಧ ಗಂಟೆಯ ನೂಲಲ್ಲ, ಜಮೀನು ಮತ್ತು ಕಾರ್ಖಾನೆಗಳ ಒಡೆತನ ಬದಲಾಗುವುದು ಎಂಬುದು ಅವರ ನಿಲುವು. ಜೆ.ಪಿ.ಯವರ ಪತ್ನಿ ಪ್ರಭಾವತಿ ಗಾಂಧೀಜಿಯ ಆಶ್ರಮದಲ್ಲಿ ಪಳಗಿದವರು. ಒಂದೇ ಸಂಸಾರದಲ್ಲಿ ಈ ವಾದದ ಎರಡೂ ಬದಿ ಇತ್ತು.

ಸಮಾಜವಾದಿಗಳ ಆಕ್ಷೇಪಕ್ಕೆ ತಕ್ಕ ಉತ್ತರ, ನನ್ನ ಮಟ್ಟಿಗೆ, ಯಜ್ಞದ ಮಾತಿನಲ್ಲಿಲ್ಲ, ಕೂಲಿಯ ಮಾತಿನಲ್ಲಿದೆ. ಖಾದಿ ಅಗ್ಗವಾಗಿರಲೆಂದು ನೂಲುವವಳಿಗೆ ದಿನಕ್ಕೆ ಒಂದೆರಡಾಣೆ ಮಾತ್ರ ಸಿಗುತ್ತಿತ್ತು. ಎಂಟು ಗಂಟೆಗೆ ಎಂಟಾಣೆ ಸಿಗಬೇಕೆಂದು ಗಾಂಧೀಜಿ ಹಟ ಹಿಡಿದರು. 1935ರ ಅಕ್ಟೋಬರ್‌ನಲ್ಲಿ ಚರಕಾ ಸಂಘ ಜೀವನಕ್ಕೆ ಸಾಲುವ ಕೂಲಿಯ ತತ್ತ್ವವನ್ನು ಒಪ್ಪಿಕೊಂಡಿತು. ಖಾದಿ ತುಟ್ಟಿಯಾಗುತ್ತದೆ, ಯಾರೂ ಕೊಳ್ಳುವುದಿಲ್ಲ ಎಂದು ಕಾರ್ಯಕರ್ತರೇ ಹೆದರಿದರು. ಎಂಟಾಣೆ ಆಸೆಯಾಗಿಯೇ ಉಳಿಯಿತು.

ಔರಂಗಾಬಾದಿನಲ್ಲಿ, ಅಂದರೆ ಇಂದಿನ ಸಂಭಾಜಿನಗರದಲ್ಲಿ, ಗಾಳಿ ಬೇರೆ. ಅದು ಕಲಬುರಗಿ, ರಾಯಚೂರು, ಬೀದರ್‌ಗಳ ಜೊತೆ ನಿಜಾಮರ ರಾಜ್ಯದಲ್ಲಿತ್ತು. 1889ರಲ್ಲಿ ಅಲ್ಲಿ ನೂಲಿನ ಗಿರಣಿ ಬಂತು. 1900ರಲ್ಲಿ ನಾಸಿಕ್ ಜಿಲ್ಲೆಯ ಮನ್ಮಾಡಿಗೆ ರೈಲು ಕೂಡಿತು, ಜಿನ್ನಿಂಗ್ ಕಾರ್ಖಾನೆಗಳು ಎದ್ದವು. ಎರೆಹೊಲದ ಹತ್ತಿ ರೈಲು ಹತ್ತಿತು, ಮನೆಯ ರಾಟೆ ಅಟ್ಟ ಹತ್ತಿತು. ನೇಕಾರಿಕೆ ಹೇಗೋ ಹೆಸರು ಉಳಿಸಿಕೊಂಡಿತು: ಔರಂಗಾಬಾದಿನ ಹಿಮ್ರೂ, ಪೈಠಣದ ಪೈಠಣಿ, ನಮ್ಮಲ್ಲಿ ಇಳಕಲ್ಲು. ನೆಯ್ದ ಊರಿನ ಹೆಸರು ಸೀರೆಗೆ ಬಂತು. ನೂತವಳ ಹೆಸರು ಯಾವುದಕ್ಕೂ ಬರಲಿಲ್ಲ.

ಆ ಭಾಗದಲ್ಲಿ ಕೂಲಿ ನೂಲಿಗೆ ಮತ್ತೆ ನೆಲೆ ಕೊಟ್ಟವರಲ್ಲಿ ಮುಖ್ಯರು ಕನ್ನಡ ನೆಲದಲ್ಲಿ ಹುಟ್ಟಿದ ಸ್ವಾಮಿ ರಮಾನಂದ ತೀರ್ಥರು, ಹೈದರಾಬಾದ್ ವಿಮೋಚನೆಯ ನಾಯಕರು. ಅವರು 1967ರಲ್ಲಿ ಕಟ್ಟಿದ ನಾಂದೇಡಿನ ಮರಾಠವಾಡಾ ಖಾದಿ ಗ್ರಾಮೋದ್ಯೋಗ ಸಮಿತಿ ರಾಷ್ಟ್ರಧ್ವಜಗಳನ್ನು ಮಾಡುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಸಂಯುಕ್ತ ಸಂಘದ ಕೆಲಸವೂ ಅದೇ. ಅಲ್ಲಿನ ಬಾವುಟದ ಬಟ್ಟೆ ಬರುವುದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆ ಬದಲಾಗಿ ಪಾಲಿಯೆಸ್ಟರ್ ಮತ್ತು ಯಂತ್ರದ ಬಟ್ಟೆಗೂ ಅನುಮತಿ ಸಿಕ್ಕಿತು. ಕೂಲಿಗೆ ನೂಲುವವಳಿಗೆ ಮೀಸಲಾಗಿದ್ದ ಕೊನೆಯ ಮಾರುಕಟ್ಟೆಗೂ ಬೇಲಿ ಹೋಯಿತು.

ಹವ್ಯಾಸಿಯ ಕಷ್ಟಗಳು ಬೇರೆ ಥರದವು. ಪೆಟ್ಟಿಗೆ ಚರಕದ ನೂಲು ಹೆಣಿಗೆಗೆ ತೀರಾ ತೆಳು. ಒಂಟಿ ಎಳೆಯಲ್ಲಿ ಹೆಣೆದರೆ ಹುರಿಯ ಬಲಕ್ಕೆ ಬಟ್ಟೆ ಓರೆಯಾಗಿ ತಿರುಚಿಕೊಳ್ಳುತ್ತದೆ. ನಾಲ್ಕೋ ಆರೋ ಎಳೆ ಸೇರಿಸಿ ಎದುರು ದಿಕ್ಕಿಗೆ ಹುರಿ ಹಾಕಬೇಕು. ಆಗಲೂ ಹತ್ತಿಗೆ ಉಣ್ಣೆಯ ಹಿಗ್ಗು ಇಲ್ಲ. ತೋಳಿನ ಪಟ್ಟಿ ಎರಡು ದಿನಕ್ಕೆ ಜೋಲುತ್ತದೆ. ಉಣ್ಣೆ ಬೇಕೆಂದರೆ ಕೈಯಳತೆಯಲ್ಲಿರುವುದು ದಖ್ಖನಿ ಕುರಿಯ ಕರಿ ಉಣ್ಣೆ. ಧನಗರರ ಘೋಂಗಡಿ, ನಮ್ಮ ಕುರುಬರ ಕಂಬಳಿ ಎರಡೂ ಅದರವೇ. ಒರಟು ಎಳೆ, ಹುಣಸೆ ಬೀಜದ ಗಂಜಿ ಕುಡಿದು ಕಂಬಳಿಯಾಗಲೆಂದೇ ಹುಟ್ಟಿದ್ದು. ಕತ್ತಿಗೆ ತಾಗಿದರೆ ಚುಚ್ಚುತ್ತದೆ. ಆದರೆ ನಾಸಿಕ್ ಜಿಲ್ಲೆಯ ನಿಫಾಡದಲ್ಲಿ ದ್ರಾಕ್ಷಿ ಬೆಳೆಗಾರರು ತೋಟದಲ್ಲಿ ಬೆಂಕಿ ಹಾಕುವಂಥ ಚಳಿ ಬೀಳುತ್ತದೆ. ಹೊರಗಿನ ಅಂಗಿಗೆ, ಕೂರುವ ಆಸನಕ್ಕೆ, ಚೀಲಕ್ಕೆ ಈ ಉಣ್ಣೆ ಚೆನ್ನ. ಕುರಿ ಕತ್ತರಿಸಿದ ಕೂಲಿಯೂ ಹುಟ್ಟದೆ ಉಣ್ಣೆ ಬಿಸಾಡುವ ಕುರಿಗಾರರಿದ್ದಾರೆ.

ಇಲ್ಲೊಂದು ಸಿಕ್ಕಿದೆ. ಹವ್ಯಾಸಿಯೊಬ್ಬರು ಒಂದು ಟೋಪಿಗೆ ನೂಲಲು, ಹುರಿ ಹಾಕಲು, ಹೆಣೆಯಲು ಇಪ್ಪತ್ತು ಗಂಟೆ ಕಳೆದಿರುತ್ತಾರೆ. ಮೇಳದಲ್ಲಿ ಅದನ್ನು ಮಾರುವಾಗ ಹಂಜಿಯ ದುಡ್ಡು ಹುಟ್ಟಿದರೆ ಸಾಕೆನ್ನುತ್ತಾರೆ, ಏಕೆಂದರೆ ಆ ಗಂಟೆಗಳು ಅವರಿಗೆ ಸಂತೋಷ ಕೊಟ್ಟಿವೆ. ಪಕ್ಕದ ಮಳಿಗೆಯಲ್ಲಿ ಕೈನೂಲಿನ ಕಂಬಳಿ ಇಟ್ಟುಕೊಂಡು ಕೂತ ಹೆಂಗಸಿಗೆ ಗಿರಾಕಿ ತೋರಿಸಿ ಚೌಕಾಸಿ ಮಾಡುವುದು ಆ ಟೋಪಿಯ ಬೆಲೆಯನ್ನೇ.