ಬಲಿತದ್ದು, ಮಾಗಿದ್ದು

ಕಾಯಿ ಮೊದಲು ಬಲಿಯುತ್ತದೆ, ಆಮೇಲೆ ಮಾಗುತ್ತದೆ. ತೋಟದ ಜನ ಈ ಎರಡು ಮಾತನ್ನು ಎಂದೂ ಕಲಸುವುದಿಲ್ಲ. ಬಲಿತ ಮಾವನ್ನು ಹುಲ್ಲಿನಲ್ಲಿ ಅಡೆ ಹಾಕಿದರೆ ಹಣ್ಣಾಗುತ್ತದೆ; ಎಳೆಗಾಯಿ ಹಾಕಿದರೆ ಸುಕ್ಕುಗಟ್ಟುತ್ತದೆ. ಬಲಿಯದೆ ಮಾಗುವುದಿಲ್ಲ. ಆದರೆ ಬಲಿತದ್ದೆಲ್ಲ ಮಾಗಿದ್ದೂ ಅಲ್ಲ: ಬಲಿತ ಕಾಯಿ ಇನ್ನೂ ಗಟ್ಟಿ, ಹುಳಿ, ತೊಟ್ಟು ಮುರಿದರೆ ಸೊನೆ ಚರ್ಮ ಸುಡುತ್ತದೆ. ರೋಗ ಬಲಿಯಿತು ಅನ್ನುತ್ತೇವೆ, ಹಗೆ ಬಲಿಯಿತು ಅನ್ನುತ್ತೇವೆ. ಹಗೆ ಮಾಗಿತು ಎಂದು ಯಾರ ಬಾಯಲ್ಲೂ ಕೇಳಿಲ್ಲ. ಮಾಗುವುದು ಮನಸ್ಸು, ದನಿ, ಗಾಯ.

ಕ್ರೈಸ್ತ ಬದುಕಿನ ಬೆಳವಣಿಗೆಯ ಬಗ್ಗೆ ಓದುವಾಗಲೆಲ್ಲ ಈ ಜೋಡಿ ಪದ ನನಗೆ ದಾರಿ ತೋರಿಸಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಹಾಲು ಕುಡಿಯುವ ಕೂಸು ಮತ್ತು ಗಟ್ಟಿ ಆಹಾರ ತಿನ್ನುವವರ ಮಾತು ಬರುತ್ತದೆ. ಅಲ್ಲಿ ಕನ್ನಡ ಬೈಬಲಿನ ಪದ ‘ಪ್ರಾಯಸ್ಥರು’. ಅದು ಬಲಿಯುವ ಹಂತ: ಒಳಿತು ಕೆಡುಕು ಗುರುತಿಸುವ ರೂಢಿ, ಜಪ, ಉಪದೇಶ. ಗಲಾತ್ಯದವರಿಗೆ ಬರೆಯುವಾಗ ಪೌಲ ಆಡುವುದು ಫಲದ ಮಾತು. ಪ್ರೀತಿಯಿಂದ ತೊಡಗಿ ದಮೆಯವರೆಗೆ ಒಂಬತ್ತು ಗುಣ ಎಣಿಸಿದರೂ ‘ಫಲ’ ಏಕವಚನದಲ್ಲೇ ಇದೆ. ಒಂದೇ ಹಣ್ಣು, ಎಲ್ಲ ಕಡೆಯಿಂದಲೂ ಮಾಗಬೇಕು.

ಬಲಿತದ್ದು ಮಾಗುವ ಬಗೆ ಊರಿನ ಬದುಕಿನಲ್ಲೂ ಕಾಣುತ್ತದೆ. ಗೋವೆಯ ಮ್ಹಾಪಸಾದಲ್ಲಿ ಸಂತ ಜೆರೋಮರ ಚರ್ಚು ಶುರುವಾದದ್ದು 1594ರಲ್ಲಿ. ಪೋರ್ಚುಗೀಸರ ಆಳ್ವಿಕೆಯಲ್ಲಿ ಮ್ಹಾಪಸಾ ಸೇರಿದ ಬಾರ್ದೇಸ್ ಸೀಮೆಯ ದೇವಸ್ಥಾನಗಳು ನೆಲಕಚ್ಚಿ ಹೆಚ್ಚು ಕಾಲ ಆಗಿರಲಿಲ್ಲ; ಗೋವೆಯ ಇಂಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಮಂಡಳಿ 1560ರಲ್ಲೇ ಕೂತಿತ್ತು, ಪೂರ್ತಿ ಎದ್ದುಹೋದದ್ದು 1812ರಲ್ಲಿ. ಅಂದಿನ ಧರ್ಮ ಬಲಿತ ಧರ್ಮ, ಅದರಲ್ಲಿ ಸಂಶಯವಿಲ್ಲ. ಅದರ ಸೊನೆ ಎಷ್ಟು ಮನೆಗಳನ್ನು ಸುಟ್ಟಿತು! ಅದೇ ಚರ್ಚಿನಲ್ಲಿ ಈಗ ಈಸ್ಟರ್ ಕಳೆದು ಎರಡು ವಾರಕ್ಕೆ, ಸೋಮವಾರ, ಮಿಲಾಗ್ರಿಸ್ ಸಾಯ್ಬಿಣಿಯ, ಅಂದರೆ ಪವಾಡಗಳ ಮಾತೆ ಮರಿಯಳ ಹಬ್ಬ. ಊರಿನ ಸಂತೆಗೆ ಮಾನ್‌ಕುರಾದ್ ಮಾವು ಬರುವ ಕಾಲ ಅದು. ಹಿಂದೂಗಳೂ ಎಣ್ಣೆ ಹಿಡಿದು ಬರುತ್ತಾರೆ, ಏಕೆಂದರೆ ಜನರ ನಂಬಿಕೆಯಲ್ಲಿ ಈಕೆ ಶಿರಗಾಂವದ ಲಯಿರಾಯಿ ದೇವಿಯ ಒಡಹುಟ್ಟು, ಏಳು ಅಕ್ಕತಂಗಿಯರಲ್ಲಿ ಒಬ್ಬಳು. ಇದು ಮಾಗಿದ್ದಲ್ಲ, ಕಲಬೆರಕೆ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂಜೆಯ ವಿಧಿ ಚರ್ಚಿನದೇ, ವಿಶ್ವಾಸ ಒಂದಿಷ್ಟೂ ತೆಳುವಾಗಿಲ್ಲ. ನೆರೆಯವರ ಎಣ್ಣೆಯನ್ನು ದೂರ ತಳ್ಳುವ ಬಿಗುಮಾನ ಮಾತ್ರ ಕರಗಿದೆ. ಪೌಲ ಎಣಿಸಿದ ಒಂಬತ್ತರಲ್ಲಿ ದಯೆಯೂ ಇದೆ, ಸೈರಣೆಯೂ ಇದೆ.

ಊರೊಂದು ಮಾಗಲು ಶತಮಾನಗಳು ಬೇಕಾದವು. ಒಬ್ಬ ಮನುಷ್ಯನಿಗೆ ಅಷ್ಟು ಬಿಡುವಿಲ್ಲ. ಗೋವೆಯ ಬಾಣಾವಳಿಯಲ್ಲಿ 1651ರಲ್ಲಿ ಹುಟ್ಟಿದ ಕ್ಯಾಥೊಲಿಕ್ ಪಾದ್ರಿ ಜೋಸೆಫ್ ವಾಜ್ 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲೇ ಓಡಾಡಿ ದುಡಿದವರು. ಮುಂದೆ, ಕ್ಯಾಥೊಲಿಕ್ ಪಾದ್ರಿಗಳನ್ನು ತಡೆಯುತ್ತಿದ್ದ ಡಚ್ಚರ ಕಣ್ಣು ತಪ್ಪಿಸಿ ಸಿಂಹಳಕ್ಕೆ, ಇಂದಿನ ಶ್ರೀಲಂಕೆಗೆ, ಹೋದರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರ ಎಂದು ಅವರನ್ನು ಹಿಡಿದು ಸೆರೆಗೆ ಹಾಕಿದರು. ಐದು ವರ್ಷದ ಮೇಲೆ ಅದೇ ಕ್ಯಾಂಡಿಗೆ ಸಿಡುಬು ಬಡಿದು, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಓಡಲಿಲ್ಲ. ಯಾವ ಧರ್ಮ ಎಂದು ಕೇಳದೆ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಮಣ್ಣು ಮಾಡಿದರು. ವಾಜ್‌ರನ್ನು ಸೆರೆಗೆ ತಳ್ಳಿದ ಊರಿನ ಜನವೇ ಆ ರೋಗಿಗಳು.