ದಂಡಿನ ಗುಹ್ಯರೋಗಗಳು: ಲಾಕ್ ಆಸ್ಪತ್ರೆಯಿಂದ ಎಚ್.ಐ.ವಿ. ಶಾಸನದವರೆಗೆ

ಸಿಫಿಲಿಸ್ ರೋಗಕ್ಕೆ ಕನ್ನಡದಲ್ಲಿ ಪರಂಗಿ ಹುಣ್ಣು ಎಂಬ ಹೆಸರುಂಟು. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಇದನ್ನು ಫಿರಂಗರೋಗವೆಂದು ಕರೆದು, ಫಿರಂಗಿಯರ ಸಂಸರ್ಗದಿಂದ ಹುಟ್ಟುವುದೆಂದು ಹೇಳಿದ್ದಾನೆ. ಪೋರ್ಚುಗೀಸ್ ನಾವಿಕ ಕಬ್ರಾಲನ ಹಡಗುಗಳು ಕೊಚ್ಚಿಯನ್ನು ಮುಟ್ಟಿದ್ದು 1500ರಲ್ಲಿ. 1503ರಲ್ಲಿ ಇಲ್ಲಿ ಅವರ ಕೋಟೆಯೆದ್ದಿತು. ಭಾವಮಿಶ್ರನಿಗೆ ಇದು ಫಿರಂಗಿಯರ ರೋಗವಾದರೆ, ಇಟಲಿಯವರಿಗೆ ಫ್ರೆಂಚರ ರೋಗವಾಗಿತ್ತು, ಫ್ರೆಂಚರಿಗೆ ನೇಪಲ್ಸಿನ ರೋಗವಾಗಿತ್ತು. ರೋಗವು ಅನ್ಯರಿಂದಲೇ ಬಂದುದೆಂಬ ಈ ಭಾವನೆ ಜನಸಾಮಾನ್ಯರ ಮಾತಿನಲ್ಲಿ ಮಾತ್ರ ಉಳಿಯದೆ, ಸೈನ್ಯಗಳ ಆಡಳಿತದಲ್ಲಿ ಶಾಸನದ ರೂಪವನ್ನೂ ತಾಳಿತು. ಕನ್ನಡ ನಾಡಿನ ದಂಡುಗಳಲ್ಲಿ ಅದರ ಚರಿತ್ರೆಯನ್ನು ಸ್ಪಷ್ಟವಾಗಿ ಕಾಣಬಹುದು.

ಶ್ರೀರಂಗಪಟ್ಟಣದ ಜ್ವರಕ್ಕೆ ಬೇಸತ್ತ ಆಂಗ್ಲ ಸೈನ್ಯವು 1809ರ ಸುಮಾರಿಗೆ ಬೆಂಗಳೂರಿನಲ್ಲಿ ನೆಲೆಯೂರಿದ ಸಂಗತಿ ಸುವಿದಿತ. ಅದಕ್ಕೂ ಮೊದಲೇ, 1805ರಲ್ಲಿ, ಮದರಾಸು ಸರಕಾರವು ದಂಡುಗಳಲ್ಲಿ ‘ಲಾಕ್ ಆಸ್ಪತ್ರೆ’ಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತ್ತು. ಈ ಹೆಸರಿಗೂ ಬೀಗಕ್ಕೂ ಸಂಬಂಧವಿಲ್ಲ. ಲಂಡನ್ನಿನಲ್ಲಿ 1747ರಲ್ಲಿ ಸ್ಥಾಪಿತವಾದ ಇಂತಹುದೇ ಆಸ್ಪತ್ರೆಯ ಹೆಸರು ಇದು. ಆದರೆ ಇಲ್ಲಿನ ನಡವಳಿಕೆಯನ್ನು ನೋಡಿದವರು ಬೀಗವೆಂದೇ ಅರ್ಥ ಮಾಡಿಕೊಂಡಿದ್ದರೆ ತಪ್ಪೆನ್ನುವಂತಿಲ್ಲ. ರೋಗವುಳ್ಳ ಹೆಂಗಸರನ್ನು ಅಲ್ಲಿಗೆ ಕರೆತಂದು, ಗುಣವಾಯಿತೆಂದು ವೈದ್ಯನು ಹೇಳುವವರೆಗೆ ಹೊರಗೆ ಬಿಡುತ್ತಿರಲಿಲ್ಲ. 1830ರ ದಶಕದಲ್ಲಿ, ವೆಚ್ಚಕ್ಕೆ ತಕ್ಕ ಫಲವಿಲ್ಲವೆಂದು ಬೆಂಟಿಂಕನ ಆಡಳಿತವು ಇವನ್ನು ಮುಚ್ಚಿಸಿತು.

1857ರ ದಂಗೆಯ ಬಳಿಕ ಭಾರತದಲ್ಲಿ ಗೋರಾ ಸಿಪಾಯಿಗಳ ಸಂಖ್ಯೆ ಬಹಳವಾಗಿ ಏರಿತು. ಅವರಲ್ಲಿ ಮದುವೆಗೆ ಅನುಮತಿ ದೊರೆಯುತ್ತಿದ್ದುದು ಸ್ವಲ್ಪ ಜನಕ್ಕೆ ಮಾತ್ರ. ಸೈನ್ಯದ ಆರೋಗ್ಯವನ್ನು ಕುರಿತ ರಾಜಾಯೋಗದ ವರದಿ 1863ರಲ್ಲಿ ಹೊರಬಿದ್ದಿತು. ಮರುವರ್ಷವೇ ಕಂಟೋನ್ಮೆಂಟ್ ಶಾಸನ, 1868ರಲ್ಲಿ ಸಾಂಕ್ರಾಮಿಕ ರೋಗಗಳ ಶಾಸನ ಬಂದವು. ಬೆಂಗಳೂರು, ಬಳ್ಳಾರಿ, ಕಣ್ಣೂರು, ಸಿಕಂದರಾಬಾದು ಮೊದಲಾದ ದಂಡುಗಳಲ್ಲಿ ಲಾಕ್ ಆಸ್ಪತ್ರೆಗಳು ನಡೆದವು. ಕ್ರಮ ಹೀಗಿತ್ತು: ದಂಡಿನ ಬಜಾರಿನ ವೇಶ್ಯೆಯರ ಹೆಸರನ್ನು ದಾಖಲೆ ಮಾಡಿ, ಚೀಟಿ ಕೊಟ್ಟು, ನಿಯತಕಾಲದಲ್ಲಿ ಪರೀಕ್ಷೆಗೆ ಒಳಪಡಿಸುವುದು, ರೋಗ ಕಂಡರೆ ಆಸ್ಪತ್ರೆಯಲ್ಲಿ ಇರಿಸುವುದು, ತಪ್ಪಿಸಿಕೊಂಡವರಿಗೆ ದಂಡನೆ. ಸಿಪಾಯಿಯ ಸಂಗತಿ ಬೇರೆ. ಸೈನ್ಯದಲ್ಲಿ ಹಿಂದೆ ರೂಢಿಯಲ್ಲಿದ್ದ ಸಿಪಾಯಿಗಳ ದೇಹಪರೀಕ್ಷೆಯನ್ನು, ಅದು ಅವರ ಮಾನಕ್ಕೆ ಕುಂದೆಂಬ ಕಾರಣದಿಂದ, 1859ರಲ್ಲಿ ಕೈಬಿಡಲಾಗಿತ್ತು. ಮಾನದ ಈ ಪರಿಗಣನೆ ಬಜಾರಿನ ಹೆಂಗಸಿಗೆ ಅನ್ವಯಿಸಲಿಲ್ಲ. ಇಬ್ಬರ ನಡುವೆ ಹರಡುವ ರೋಗದಲ್ಲಿ ಒಬ್ಬರನ್ನು ಮಾತ್ರ ಪರೀಕ್ಷಿಸುವುದೆಂದರೆ, ಖಾತೆಯ ಒಂದೇ ಪುಟವನ್ನು ಬರೆದು ಶಿಲ್ಕು ತೆಗೆಯಲು ಹೊರಟಂತೆ.

ಪರೀಕ್ಷೆಯಾದರೂ ಎಂತಹುದು? ಗೊನೋರಿಯಾದ ರೋಗಾಣು ಕಂಡುಬಂದುದು 1879ರಲ್ಲಿ, ಸಿಫಿಲಿಸಿನದು 1905ರಲ್ಲಿ. ರಕ್ತಪರೀಕ್ಷೆಯ ವಾಸರ್ಮನ್ ವಿಧಾನ ಬಂದುದು 1906ರಲ್ಲಿ. ಅಲ್ಲಿಯವರೆಗೆ ವೈದ್ಯನಿಗೆ ಕಣ್ಣೇ ಪ್ರಮಾಣ, ಪಾದರಸವೇ ಔಷಧ. ಹುಣ್ಣು ಮಾಯ್ದರೆ ರೋಗ ಹೋಯಿತೆಂದು ಬಗೆದು ಬಿಟ್ಟುಬಿಡುತ್ತಿದ್ದರು. ಆಸ್ಪತ್ರೆಯ ಹೆಸರು ಕೇಳಿದರೆ ಹೆಂಗಸರು ದಂಡಿನ ಎಲ್ಲೆಯಾಚೆಗೆ ಓಡುತ್ತಿದ್ದರು. ದಾಖಲೆಗೆ ಸೇರದವರ ಸಂಖ್ಯೆ ದಾಖಲೆಯಾದವರಿಗಿಂತ ಹೆಚ್ಚಾಯಿತೆಂದು ಅಧಿಕಾರಿಗಳೇ ಪದೇಪದೇ ದೂರಿಕೊಂಡರು. ಮದರಾಸಿನ ದೇಶೀ ಸಿಪಾಯಿಗಳು ಸಂಸಾರಸಮೇತರಾಗಿ ಲೈನುಗಳಲ್ಲಿ ವಾಸಿಸುತ್ತಿದ್ದರು, ಅವರಲ್ಲಿ ಈ ರೋಗ ಗೋರಾಗಳಿಗಿಂತ ಬಹಳ ಕಡಿಮೆ. ಈ ಭೇದ ವರದಿಗಳಲ್ಲಿ ವರ್ಷವರ್ಷವೂ ಅಚ್ಚಾಗುತ್ತಿದ್ದರೂ ಅದರಿಂದ ಪಾಠ ಕಲಿತವರು ವಿರಳ.

ಇಂಗ್ಲೆಂಡಿನಲ್ಲಿ ಜೋಸೆಫೈನ್ ಬಟ್ಲರ್ ಮುಂತಾದವರ ಹೋರಾಟದಿಂದ ಅಲ್ಲಿನ ಶಾಸನ 1886ರಲ್ಲಿ ರದ್ದಾಯಿತು. ಅದೇ ವರ್ಷ ಭಾರತದಲ್ಲಿ ಸೇನಾಧಿಪತಿ ರಾಬರ್ಟ್ಸನ ಆಡಳಿತವು, ರೆಜಿಮೆಂಟಿನ ಬಜಾರುಗಳಲ್ಲಿ ಸಾಕಷ್ಟು ಸಂಖ್ಯೆಯ, ನೋಡಲು ಚೆನ್ನಾದ ಹೆಂಗಸರು ಇರಬೇಕೆಂದು ಸುತ್ತೋಲೆ ಹೊರಡಿಸಿತು! ಇದು ಬಯಲಾದಾಗ ದೊಡ್ಡ ಗಲಭೆಯೆದ್ದು, 1888ರ ಜೂನಿನಲ್ಲಿ ಕಾಮನ್ಸ್ ಸಭೆಯ ನಿರ್ಣಯದಂತೆ ಭಾರತದ ಶಾಸನವೂ ಹೋಯಿತು. ಮುಂದೆ ರೋಗ ಏರಿತು. 1895ರಲ್ಲಿ ಗೋರಾ ಸೈನ್ಯದಲ್ಲಿ ಈ ರೋಗಗಳಿಗಾಗಿ ಆಸ್ಪತ್ರೆಗೆ ಸೇರಿದ ಪ್ರಕರಣಗಳು ಸಾವಿರಕ್ಕೆ ಐನೂರನ್ನು ಮೀರಿದವು. 1897ರಲ್ಲಿ ನಿಯಮಗಳು ಸ್ವಲ್ಪ ಮೃದುವಾಗಿ ಮರಳಿದವು. 1910ರ ಹೊತ್ತಿಗೆ ಪ್ರಮಾಣವು ಸಾವಿರಕ್ಕೆ ನೂರರೊಳಗೆ ಇಳಿದಿತ್ತು. ಇದು ನಿಯಮಗಳ ಫಲವೆಂದು ವಾದಿಸಿದವರಿದ್ದಾರೆ. ಆದರೆ ಶಾಸನವು ಇನ್ನೂ ಕಠೋರವಾಗಿದ್ದ 1870ರ ದಶಕದಲ್ಲಿ ಇಂತಹ ಇಳಿತ ಕಂಡಿರಲಿಲ್ಲ. ಈ ನಡುವೆ ಬದಲಾದುದು ಸಿಪಾಯಿಯ ಬದುಕು: ಆಟ, ಓದುಮನೆ, ಮದ್ಯಕ್ಕೆ ಕಡಿವಾಣ, ರೋಗಿಗೆ ದಂಡನೆಯ ಬದಲು ಬೇಗನೆ ಚಿಕಿತ್ಸೆ. ಇಳಿಕೆಯ ಬಹುಭಾಗ ಸಾಲ್ವರ್ಸಾನ್ ಔಷಧ ಬರುವುದಕ್ಕೆ ಮುಂಚೆಯೇ ಆದುದೂ ಗಮನಾರ್ಹ.

ಬಲಾತ್ಕಾರದ ಮಾರ್ಗವನ್ನು ಬಿಟ್ಟ ಮೊದಲ ದೊಡ್ಡ ಹೆಜ್ಜೆ 1916ರದು. ಬ್ರಿಟನ್ನಿನ ರಾಜಾಯೋಗವು ಗುಹ್ಯರೋಗಗಳಿಗೆ ಉಚಿತವೂ ಗೋಪ್ಯವೂ ಆದ ಚಿಕಿತ್ಸೆಯನ್ನು ಸೂಚಿಸಿತು. ಅದರ ಅಧ್ಯಕ್ಷ ಲಾರ್ಡ್ ಸಿಡನ್‌ಹ್ಯಾಮ್. 1907ರಿಂದ 1913ರವರೆಗೆ, ಧಾರವಾಡ ಬೆಳಗಾವಿ ಬಿಜಾಪುರಗಳನ್ನೊಳಗೊಂಡ ಮುಂಬಯಿ ಪ್ರಾಂತದ ಗವರ್ನರಾಗಿದ್ದವನೇ ಈತ. 1924ರ ಬ್ರಸೆಲ್ಸ್ ಒಪ್ಪಂದವು ಬಂದರುಗಳಲ್ಲಿ ವ್ಯಾಪಾರಿ ಹಡಗುಗಳ ನಾವಿಕರಿಗೆ, ಯಾವ ದೇಶದವರೇ ಆಗಲಿ, ಉಚಿತ ಚಿಕಿತ್ಸೆ ದೊರೆಯಬೇಕೆಂದು ವಿಧಿಸಿತು. ಅನಂತರ ಪೆನಿಸಿಲಿನ್ ಬಂದು ಈ ವಾದವೆಲ್ಲ ಹಳತಾದಂತೆ ತೋರಿತು.

ಏಡ್ಸ್ ಬಂದಾಗ ಹಳೆಯ ಪ್ರಶ್ನೆಗಳೆಲ್ಲ ಮರಳಿ ಎದ್ದವು. 1981ರಲ್ಲಿ ಅಮೆರಿಕದಲ್ಲಿ ರೋಗ ಗುರುತಿಸಲ್ಪಟ್ಟಿತು. 1985ರಲ್ಲಿ ಪರೀಕ್ಷೆ ದೊರೆತೊಡನೆ ಆ ದೇಶದ ಸೈನ್ಯ ಅದನ್ನು ಕಡ್ಡಾಯ ಮಾಡಿತು. ಭಾರತದಲ್ಲಿ 1986ರಲ್ಲಿ ಮದರಾಸಿನ ವೈದ್ಯೆ ಸುನೀತಿ ಸೋಲೊಮನ್ ಅವರ ತಂಡ ಮೊದಲ ಪ್ರಕರಣಗಳನ್ನು ಕಂಡುಹಿಡಿಯಿತು. ಆ ರಕ್ತದ ಮಾದರಿಗಳೂ ವೇಶ್ಯೆಯರವೇ. ಚಿಕಿತ್ಸೆಯಿಲ್ಲದ ಆ ವರ್ಷಗಳಲ್ಲಿ ಪರೀಕ್ಷೆಯೆಂದರೆ ಗುರುತು ಹಚ್ಚುವಿಕೆ ಮಾತ್ರವಾಗಿತ್ತು. 2000ದ ಜುಲೈಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿ ತನ್ನ 1308ನೆಯ ನಿರ್ಣಯದಲ್ಲಿ, ಶಾಂತಿಪಾಲನೆಗೆ ಹೋಗುವ ಸೈನಿಕರಿಗೆ ಸ್ವಇಚ್ಛೆಯ, ಗೋಪ್ಯವಾದ ಪರೀಕ್ಷೆ ಮತ್ತು ಸಲಹೆಯ ಏರ್ಪಾಡನ್ನು ಪ್ರೋತ್ಸಾಹಿಸಿತು. 2008ರಲ್ಲಿ ದಕ್ಷಿಣ ಆಫ್ರಿಕದ ನ್ಯಾಯಾಲಯವು, ಸೋಂಕುಳ್ಳವರೆಂಬ ಒಂದೇ ಕಾರಣಕ್ಕೆ ಸೈನ್ಯದಿಂದ ದೂರವಿಡುವ ಧೋರಣೆಯನ್ನು ತಳ್ಳಿಹಾಕಿತು. ಭಾರತದಲ್ಲಿ 2004ರ ಏಪ್ರಿಲಿನಿಂದ ಸರಕಾರವು ಉಚಿತ ಔಷಧಗಳನ್ನು ಕೊಡತೊಡಗಿತು. 2017ರ ಎಚ್.ಐ.ವಿ. ಶಾಸನವು 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದು, ತಿಳಿದು ಕೊಟ್ಟ ಸಮ್ಮತಿಯಿಲ್ಲದೆ ಪರೀಕ್ಷೆ ಕೂಡದೆಂದೂ, ರೋಗಿಯ ಗುಟ್ಟನ್ನು ಕಾಯಬೇಕೆಂದೂ, ನೌಕರಿಯಲ್ಲಿ ಭೇದ ಮಾಡಬಾರದೆಂದೂ ವಿಧಿಸಿತು.

ಸೈನ್ಯಕ್ಕೆ ನೇರವಾಗಿ ತಟ್ಟಿದ ಪ್ರಕರಣ ಮಾತ್ರ ಇನ್ನೊಂದು. ಇಲ್ಲಿ ಬಜಾರಿಲ್ಲ, ಹೆಂಗಸಿಲ್ಲ. 2002ರ ಜುಲೈಯಲ್ಲಿ, ಆಪರೇಷನ್ ಪರಾಕ್ರಮ್ ನಡೆದಿದ್ದಾಗ, ವಾಯುಪಡೆಯ ಯೋಧನೊಬ್ಬನು ಕಾಯಿಲೆಯಿಂದ ಜಮ್ಮುವಿನ ಸಾಂಬಾದಲ್ಲಿನ ಭೂಸೇನೆಯ ಆಸ್ಪತ್ರೆಗೆ ಸೇರಿದನು. ಅಲ್ಲಿ ಒಂದು ಸೀಸೆ ರಕ್ತವನ್ನು ಕೊಡಲಾಯಿತು. ಹನ್ನೆರಡು ವರ್ಷದ ಮೇಲೆ, 2014ರಲ್ಲಿ, ಸೋಂಕು ಗೊತ್ತಾಯಿತು. ಅದಕ್ಕೆ ಆ ರಕ್ತವೇ ಕಾರಣವೆಂದು ಸೈನ್ಯದ ವೈದ್ಯ ಮಂಡಲಿಯೇ ಒಪ್ಪಿತು. ಆದರೂ ಸೇವಾವಧಿಯ ವಿಸ್ತರಣೆ ದೊರೆಯದೆ 2016ರಲ್ಲಿ ಅವನು ಹೊರಬಂದನು. ರಕ್ತವನ್ನು ಸರಿಯಾಗಿ ಪರೀಕ್ಷಿಸಿದುದಕ್ಕೆ ದಾಖಲೆಯಿಲ್ಲ. ಅಪಾಯವನ್ನು ರೋಗಿಗೆ ತಿಳಿಸಿ ಸಮ್ಮತಿ ಪಡೆದುದೂ ಇಲ್ಲ. ಗ್ರಾಹಕ ಆಯೋಗದಲ್ಲಿ ಸೋತ ಅವನ ಮನವಿಯನ್ನು 2023ರ ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಹಿಂದೆ ಹೆಂಗಸರ ದೇಹದಲ್ಲಿ ಮಾತ್ರ ರೋಗವನ್ನು ಹುಡುಕುತ್ತಿದ್ದ ದಂಡಿನ ವೈದ್ಯಕೀಯವು, ತನ್ನದೇ ರಕ್ತದ ಸೀಸೆಗೆ ಉತ್ತರ ಹೇಳಬೇಕಾಯಿತು. ನ್ಯಾಯಾಲಯವು ವಾಯುಪಡೆ, ಭೂಸೇನೆಗಳೆರಡನ್ನೂ ಹೊಣೆಮಾಡಿ 1,54,73,000 ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಹಣವನ್ನು ವಾಯುಪಡೆ ಕೊಡತಕ್ಕದ್ದು, ಅರ್ಧವನ್ನು ಭೂಸೇನೆಯಿಂದ ವಸೂಲು ಮಾಡಿಕೊಳ್ಳಬಹುದು. ಅಂಗವೈಕಲ್ಯ ಪಿಂಚಣಿಯ ಬಾಕಿಯನ್ನು ಆರು ವಾರದೊಳಗೆ ತೀರಿಸತಕ್ಕದ್ದು. ಜೊತೆಗೆ, ಇಂತಹ ಮೊಕದ್ದಮೆಗಳನ್ನು ಆದ್ಯತೆಯ ಮೇಲೆ ತೀರ್ಮಾನಿಸಿ, ಕಕ್ಷಿಗಾರನ ಗುರುತನ್ನು ಮರೆಯಾಗಿ ಇಡಲು ದೇಶದ ನ್ಯಾಯಾಲಯಗಳಿಗೆ ಸೂಚಿಸಿತು.